ಪಕ್ಕದ ಮನೆಗೆ ಬೈದದ್ದು

ಸೋಮವಾರ, ಬೆಳಗಿನ ಆರೂಕಾಲು ಗಂಟೆ. ಸ್ಥಳ, ಮಂಡ್ಯದ ನಮ್ಮ ಮನೆಯ ಅಡುಗೆಮನೆ. ಹಾಜರಿದ್ದವರು ನಾನು, ನನ್ನ ತಂಗಿ ಪುಟ್ಟತಾಯಿ, ಮತ್ತು ಆಗಷ್ಟೇ ನಲ್ಲಿಯಿಂದ ಹಿಡಿದಿಟ್ಟ ಒಂದು ಬಿಂದಿಗೆ ನೀರು. ನೀರನ್ನೂ ಹಾಜರಿಗೆ ಸೇರಿಸಿದಳಲ್ಲ ಎಂದು ನೀವು ನಗಬಹುದು. ನಗಿ, ಆದರೆ ಈ ಬರಹದಲ್ಲಿ ಹೆಚ್ಚಿನ ಕೆಲಸ ಅದರದೇ.

ಏನು ಬರೆಯಲು ಕೂತರೂ ದಿನ, ಗಂಟೆ, ಹಾಜರಿದ್ದವರು ಎಂದು ಮೊದಲು ಬರೆಯದಿದ್ದರೆ ನನ್ನ ಕೈ ಮುಂದಕ್ಕೆ ಹೋಗುವುದಿಲ್ಲ. ಆರೋಗ್ಯ ಇಲಾಖೆಯಲ್ಲಿ ನರ್ಸಮ್ಮನಾಗಿ ಮಳವಳ್ಳಿ, ಮದ್ದೂರು ತಾಲ್ಲೂಕಿನ ಹಳ್ಳಿಗಳನ್ನು ಸುತ್ತಿ, ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು ನಾನು. ತರಬೇತಿ ಶಾಲೆಯ ಹಾಸ್ಟೆಲ್ಲಿನಲ್ಲಿ ಏಳಲು ಒಂದು ಗಂಟೆ, ಸ್ನಾನಕ್ಕೆ ಒಂದು ಗಂಟೆ, ಉಣ್ಣಲು ಒಂದು ಗಂಟೆ ಬಾರಿಸುತ್ತಿದ್ದರು. ನಮ್ಮ ವಾರ್ಡನ್ ಹಾಸಿಗೆಯ ಹೊದಿಕೆಯ ಮಡಿಕೆಯನ್ನು ಬೆರಳಿನಿಂದ ಒತ್ತಿ ನೋಡಿ ಆ ದಿನದ ನಮ್ಮ ಯೋಗ್ಯತೆಯನ್ನು ತೀರ್ಮಾನಿಸುತ್ತಿದ್ದರು. ಈಗ ಗಂಟೆ ಬಾರಿಸುವವರಿಲ್ಲ. ಆದರೂ ನಾನು ಏಳುತ್ತೇನೆ, ಹೊದಿಕೆ ಮಡಿಸುತ್ತೇನೆ. ಪುಟ್ಟತಾಯಿ ತನ್ನ ಹೊದಿಕೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯುತ್ತಾಳೆ. ಗಂಡ ತೀರಿಕೊಂಡ ಮೇಲೆ ಅವಳು ನನ್ನ ಜೊತೆಗೇ ಇದ್ದಾಳೆ, ಹೊದಿಕೆಯ ಜಗಳವೂ ಅಂದಿನಿಂದ ನಮ್ಮ ಜೊತೆಗಿದೆ.

ಅವಳು ಬಿಂದಿಗೆಗೆ ಬಗ್ಗಿ ಮೂಗು ಮುಚ್ಚಿಕೊಂಡಳು. "ಥೂ! ಇದೇನಕ್ಕ, ಆಸ್ಪತ್ರೆ ತೊಳ್ದಂಗ್ ನಾರ್ತದೆ ನೀರು!"

ಬ್ಲೀಚಿಂಗ್ ಪೌಡರಿನ ವಾಸನೆ. ಈ ವಾಸನೆ ಬಂದರೆ ನನ್ನ ಮನಸ್ಸು ಎರಡು ಕಡೆಗೆ ಎಳೆಯುತ್ತದೆ. ಯಾರೋ ತಮ್ಮ ಕೆಲಸ ಸರಿಯಾಗಿ ಮಾಡಿದ್ದಾರಲ್ಲ ಎಂದು ಒಂದು ಸಮಾಧಾನ. ದಿನಕ್ಕಿಂತ ಹೆಚ್ಚು ಹಾಕುವಂಥದ್ದು ಇವತ್ತು ಏನಾಯಿತು ಎಂದು ಒಂದು ಹೆದರಿಕೆ. ಹೆದರಿಕೆಯೇ ಗೆದ್ದಿತು. ಕೈ ತಾನಾಗಿ ದೊಡ್ಡ ಪಾತ್ರೆಯನ್ನು ಒಲೆಯ ಮೇಲಿಟ್ಟಿತು.

ಶನಿವಾರ ಒಬ್ಬ ಹುಡುಗಿ ಬಂದಿದ್ದಳು. ಅನುಷಾ ಎಂದು ಹೆಸರು, ಕಾಲೇಜಿನಲ್ಲಿ ಏನೋ ಅಧ್ಯಯನ ಮಾಡುತ್ತಿದ್ದಾಳೆ. ಮೊಬೈಲು ತೆರೆದು, "ಆಂಟಿ, ಆರೋಗ್ಯದ ಮಾಹಿತಿ ನಿಮಗೆ ಯಾವ ರೀತಿ ಬಂದ್ರೆ ಇಷ್ಟ? ಟಿವಿ, ಪೇಪರ್, ವಾಟ್ಸಾಪ್, ಕರಪತ್ರ, ಮೈಕ್ ಅನೌನ್ಸ್‌ಮೆಂಟ್, ಡಾಕ್ಟರ ಸಲಹೆ" ಎಂದು ಓದಿದಳು. ನಾನು ಯೋಚಿಸಬೇಕು, ಸೋಮವಾರ ಸಂಜೆ ಐದಕ್ಕೆ ಬಾ ಎಂದೆ. "ಇದಕ್ಕೇನಾಂಟಿ ಯೋಚ್ನೆ? ಒಂದು ಟಿಕ್ ಅಷ್ಟೆ" ಎಂದಳು. ಜೀವಮಾನವಿಡೀ ಆ ಮಾಹಿತಿಯನ್ನು ಜನರ ಕಿವಿಗೆ ಹಾಕಲು ಓಡಾಡಿದವಳಿಗೆ ಅದು ಒಂದು ಟಿಕ್ಕಿನ ಮಾತೇ? ಎರಡು ದಿನ ಯೋಚಿಸಿದರೂ ಉತ್ತರ ಹೊಳೆದಿರಲಿಲ್ಲ. ಬಿಂದಿಗೆಯ ವಾಸನೆ ಮೂಗಿಗೆ ತಗುಲಿದ ಕೂಡಲೇ ಹೊಳೆಯಿತು. ಹೊಳೆದದ್ದು ಉತ್ತರವಲ್ಲ, ಪಕ್ಕದ ಮನೆಯ ಸವಿತಾಳ ಕಣ್ಣು.

ಕೊರೊನಾ ಕಳೆದ ಒಂದೆರಡು ವರ್ಷದ ಮೇಲಿನ ಮಾತು. ನಮ್ಮ ಬೀದಿಯಲ್ಲಿ ಚರಂಡಿ ಅಗೆಯುತ್ತಿದ್ದರು. ಅಗೆಯುವ ಯಂತ್ರದ ಹಲ್ಲು ಕುಡಿಯುವ ನೀರಿನ ಪೈಪಿಗೂ ತಗುಲಿತು. ಮಾರನೆಯ ದಿನ ನಲ್ಲಿಯಲ್ಲಿ ಬಂದ ನೀರು ನೋಡಲು ತಿಳಿಯಾಗಿಯೇ ಇತ್ತು, ಮೂಸಿದರೆ ಮಾತ್ರ ಕೆರೆಯ ಕೆಸರಿನ ವಾಸನೆ. ಸಂಬಂಧಪಟ್ಟವರು ಸುಮ್ಮನಿರಲಿಲ್ಲ. ರಿಪೇರಿ ಮುಗಿಯುವವರೆಗೆ ನೀರು ಕುದಿಸಿ ಕುಡಿಯಿರಿ ಎಂದು ಹೇಳಲು ಮೈಕು ಕಟ್ಟಿದ ಆಟೋ ಕಳಿಸಿದರು.

ನಮ್ಮ ಬೀದಿಗೆ ಮೈಕು ಕಟ್ಟಿಕೊಂಡು ದಿನವೂ ಬರುವ ವಾಹನ ಒಂದೇ, ಕಸದ್ದು. ತಿರುವಿನಲ್ಲಿ ಮೈಕಿನ ಸದ್ದು ಕೇಳಿದರೆ ಸಾಕು, ಕೈಯಲ್ಲಿರುವ ಕೆಲಸ ಬಿಟ್ಟು ಜನ ಬಕೆಟ್ಟು ಎತ್ತಿಕೊಂಡು ಓಡುತ್ತಾರೆ. ಅದರಲ್ಲಿ ಏನು ಹೇಳುತ್ತಿದ್ದಾರೆ ಎಂದು ಕೇಳುವ ಅಭ್ಯಾಸ ಯಾರಿಗೂ ಇಲ್ಲ. ಆ ದಿನವೂ ಓಡಿ ಬಂದರು. "ದಯವಿಟ್ಟು ಕುದಿಸಿ ಆರಿಸಿದ ನೀರನ್ನೇ ಕುಡಿಯಬೇಕಾಗಿ ಸಾರ್ವಜನಿಕರಲ್ಲಿ ವಿನಂತಿ" ಎಂದು ಮೈಕು ಹೇಳುತ್ತಲೇ ಇದೆ, ಪಕ್ಕದ ಮನೆಯ ಜಯಮ್ಮ ಒಂದು ಕೈಯಲ್ಲಿ ಹಸಿ ಕಸ, ಇನ್ನೊಂದರಲ್ಲಿ ಒಣ ಕಸ ಹಿಡಿದು ಆಟೋದ ಹಿಂದಿನ ಸೀಟಿಗೆ ಇಣುಕುತ್ತಿದ್ದಾಳೆ.

"ಎಲ್ಲಿಗಪ್ಪ ಸುರೀಲಿ?"

"ಇದು ಕಸದ್ದಲ್ಲ ಕಣಮ್ಮ, ನೀರಿಂದು" ಎಂದ ಡ್ರೈವರು.

"ನೀರು ತಂದಿದ್ದೀಯಾ? ಮೊದ್ಲೇ ಏಳ್ಬಾರ್ದಾ, ಬಿಂದ್ಗೆ ತತ್ತಿದ್ದೆ!"

"ನೀರು ತಂದಿಲ್ಲ ಕಣಮ್ಮ, ನೀರಿನ ಇಸ್ಯ ಏಳಕ್ಕೆ ಬಂದಿವ್ನಿ."

"ಇಸ್ಯ ತಕ್ಕಂಡು ನಾನೇನ್ ಮಾಡ್ಲಿ? ಓಗಪ್ಪ ಅತ್ಲಾಗೆ, ಒಲೆ ಮೇಲೆ ಸಾರ್ ಮಡಗಿ ಬಂದಿವ್ನಿ." ಜಯಮ್ಮ ಎರಡೂ ಕಸವನ್ನು ವಾಪಸು ಒಳಗೆ ಒಯ್ದಳು. ಬೀದಿಯ ಉಳಿದವರೂ ಆಟೋದವನನ್ನು ಬೈದುಕೊಂಡು ಒಳಗೆ ಹೋದರು.

ನನಗೆ ನಗು ಬಂದದ್ದು ನಿಜ. ಅದೇ ಹೊತ್ತಿಗೆ ಜಯಮ್ಮನ ಮಗಳು ಸವಿತಾ ಜಗಲಿಗೆ ಬಂದು, ಮಡಕೆಯ ನೀರನ್ನು ಚೊಂಬಿನಲ್ಲಿ ಎತ್ತಿ ಗಟಗಟ ಕುಡಿದಳು. ಅವಳಿಗೆ ಆಗ ಏಳು ತಿಂಗಳು ತುಂಬಿತ್ತು, ಚೊಚ್ಚಲ ಬಸುರಿ, ಬಾಣಂತನಕ್ಕೆಂದು ತಾಯಿಯ ಮನೆಗೆ ಬಂದಿದ್ದಳು. ನನ್ನ ನಗು ಅಲ್ಲಿಗೇ ನಿಂತಿತು. ಕೆಟ್ಟ ನೀರಿನಿಂದ ಬರುವ ಕಾಮಾಲೆ ಉಳಿದವರನ್ನು ಕೆಲವು ವಾರ ಮಲಗಿಸಿ ಬಿಡುತ್ತದೆ. ದಿನ ತುಂಬುತ್ತಿರುವ ಬಸುರಿಗೆ ಬಂದರೆ ತಾಯಿ, ಮಗು ಇಬ್ಬರೂ ಕೈತಪ್ಪಿ ಹೋಗಬಹುದು. ಇದನ್ನು ನಾನು ಪುಸ್ತಕದಲ್ಲಿ ಓದಿದ್ದು ಮಾತ್ರವಲ್ಲ, ನೋಡಿದ್ದೇನೆ.

ಸೀರೆಯ ನೆರಿಗೆ ಸರಿ ಮಾಡಿಕೊಂಡು ಹೋದೆ. ಸವಿತಾಳ ತಂದೆ ನಿಂಗೇಗೌಡರು ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಸಕ್ಕರೆ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಬೀದಿಯಲ್ಲಿ ನಾಲ್ಕು ಜನ ಎದ್ದು ನಿಂತು ಮಾತಾಡಿಸುವ ಮನುಷ್ಯ. ಪೈಪು ಒಡೆದಿದೆ, ಚರಂಡಿ ನೀರು ಸೇರಿರಬಹುದು, ದಯವಿಟ್ಟು ಸವಿತಾಳಿಗೆ ನೀರು ಕಾಸಿ ಆರಿಸಿ ಕೊಡಿ ಎಂದೆ.

ಅವರು ಪೇಪರನ್ನು ಮೂಗಿನ ಕೆಳಗೆ ಇಳಿಸಿದರು. "ಯಾವ ನೀರ್ನ ಮೇಡಮ್ಮೋರೆ?"

"ನಲ್ಲಿ ನೀರು."

"ಅಂದ್ರೆ ಕಾವೇರಿ ನೀರ್ನ." ಪೇಪರ್ ಮಡಿಸಿ ತೊಡೆಯ ಮೇಲಿಟ್ಟರು. "ಈ ನೀರಿಗೋಸ್ಕರ ನಾನು ಐವೇ ರೋಡಲ್ಲಿ ಅಡ್ಡ ಮಲಗಿವ್ನಿ. ಅವತ್ತು ತಿಂದ ಲಾಠಿ ಏಟು ಈಗ್ಲೂ ಚಳಿಗಾಲ ಬಂದ್ರೆ ನೋಯ್ತದೆ. ಇದ್ನ ಕಾಸ್ಕಂಡ್ ಕುಡಿ ಅಂತೀರಲ್ಲ, ತಾಯಿ ಆಲ್ನ ಯಾರಾದ್ರೂ ಕಾಸ್ಕಂಡ್ ಕುಡೀತಾರಾ?"

"ತಾಯಿ ಹಾಲು ಚರಂಡಿ ಪಕ್ಕದ ಪೈಪಲ್ಲಿ ಬರಲ್ಲ ಗೌಡ್ರೆ."

"ಪೇಪರಲ್ಲಿ ಬಂದಿಲ್ಲ. ಬಂದಾಗ ನೋಡನ ಬುಡಿ." ಪೇಪರ್ ಮತ್ತೆ ಮೂಗಿನ ಮೇಲಕ್ಕೆ ಏರಿತು.

ಬೇರೆ ಊರಿನವರಿಗೆ ಇದು ಹಟ ಎನಿಸಬಹುದು. ನಮ್ಮೂರಿನವರಿಗೆ ಹಾಗನಿಸದು. ಒಂದು ನೀರಿಗಾಗಿ ಅಂಗಡಿ ಮುಚ್ಚಿ, ಬಸ್ಸು ನಿಲ್ಲಿಸಿ, ಬಿಸಿಲಿನಲ್ಲಿ ರಸ್ತೆಯ ಮೇಲೆ ಕೂತವರಿಗೆ ಅದೇ ನೀರಿನ ಮೇಲೆ ದೂರು ಹೇಳಿದರೆ ಮನೆಯ ಹೆಣ್ಣುಮಗಳ ಮೇಲೆ ದೂರು ಹೇಳಿದ ಹಾಗೆ. ಅದನ್ನು ಮೈಕಿನಲ್ಲಿ ಬೇರೆ ಹೇಳುತ್ತಾರೆ!

ಒಳಗೆ ಜಯಮ್ಮನದು ಇನ್ನೊಂದು ವಾದ. "ಬಸ್ರಿ ಎಂಗ್ಸು ಕಣಕ್ಕ. ಕಾದ ನೀರು ಕೊಟ್ರೆ ಉಷ್ಣ ಏರ್ತದೆ."

"ಆರಿಸಿ ಕೊಡು ಜಯಮ್ಮ."

"ಆರ್ಸುದ್ರೆ? ಒಂದ್ಸಲ ಕಾದಿದ್ದು ಕಾದಿದ್ದೇ ಅಲ್ವಾ?"

ನಾನು ಚಪ್ಪಲಿ ಮೆಟ್ಟಿ ಮನೆಗೆ ಬಂದೆ.

ಸವಿತಾ ಬಿ.ಎಡ್. ಓದಿದವಳು. ಅವಳಿಗೆ ನಾನು ಹೇಳಬೇಕಾದ್ದೇ ಇರಲಿಲ್ಲ. ಸಂಜೆ ಕಾಂಪೌಂಡ್ ಗೋಡೆಯ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ದೊಡ್ಡಮ್ಮ, ನನ್ನ ಫೋನಿಗೂ ಬಂದಿದೆ. ನಾನು ಹೇಳಿದ್ರೆ ಅವ್ವ 'ನಾಕಕ್ಷರ ಓದ್ಬುಟ್ಟು ನನಗೇ ಏಳ್ಕೊಡಕ್ ಬಂದ್ಲು' ಅಂತಾಳೆ."

"ನಮ್ಮನೆಯಿಂದ ಬಾಟಲಿಲಿ ಕೊಡ್ತೀನಿ, ತಗೊ."

ಅವಳ ಮುಖ ಇಳಿಯಿತು. ತಾಯಿಯ ಮನೆಗೆ ಬಾಣಂತನಕ್ಕೆ ಬಂದ ಮಗಳು ಪಕ್ಕದ ಮನೆಯ ನೀರು ಕುಡಿಯುತ್ತಾಳೆಂದರೆ ತಾಯಿ ಬೀದಿಯಲ್ಲಿ ಮುಖ ಎತ್ತಿ ಓಡಾಡುವುದು ಹೇಗೆ? ನನಗೆ ಗೊತ್ತಿದ್ದೇ ಹೇಳಿದ್ದೆ. ಅವಳು ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ಊಟದ ಹೊತ್ತಿಗೆ ಮಾತ್ರ ತಾಯಿ ಎದುರಿಗಿಟ್ಟ ಮಡಕೆಯ ನೀರನ್ನು ಬೇಡ ಎನ್ನಲಾರಳು. ಅಡುಗೆಮನೆಯ ಕಿಟಕಿಯಿಂದ ಅವಳು ಕುಡಿಯುವುದು ನನಗೆ ಕಾಣುತ್ತಿತ್ತು. ನೋಡದೆ ಇರಲೂ ಆಗುತ್ತಿರಲಿಲ್ಲ.

ಆಮೇಲೆ ನಾನು ನನಗೆ ತಿಳಿದ ಮರ್ಯಾದೆಯ ದಾರಿಯನ್ನೇ ಹಿಡಿದೆ. ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಸೂಚನೆ ಬರೆದೆ. ಮಾನ್ಯ ನಿವಾಸಿಗಳೇ ಎಂದು ಶುರು, ಒಂದು, ಎರಡು, ಮೂರು ಎಂದು ಅಂಶಗಳು, ದಯವಿಟ್ಟು ಸಹಕರಿಸಿ ಎಂದು ಮುಕ್ತಾಯ. ಅಲ್ಪವಿರಾಮ ಕೂಡ ತಪ್ಪಿರಲಿಲ್ಲ. ಅದರ ಮೇಲೊಂದು ಗುಲಾಬಿ ಹೂವಿನ ಶುಭೋದಯ, ಕೆಳಗೆ ಬಾಡಿಗೆಗೆ ಮನೆ ಇದೆ ಎಂಬ ಸಮಾಚಾರ. ಸಂಜೆಯೊಳಗೆ ನನ್ನ ಸೂಚನೆಯ ಕೆಳಗೆ ಕೈ ಮುಗಿದ ಚಿತ್ರಗಳು ಸಾಲಾಗಿ ಬಂದವು. ನಾನು ಹಿಗ್ಗಿ ಪುಟ್ಟತಾಯಿಗೆ ತೋರಿಸಿದೆ.

"ಕೈ ಮುಗ್ದವ್ರೆ" ಎಂದಳು ಅವಳು, ಅವರೆಕಾಯಿ ಬಿಡಿಸುತ್ತಾ. "ದೇವ್ರಿಗೂ ಮುಗೀತಾರೆ. ಅವನು ಏಳ್ದಂಗೆ ಕೇಳ್ತಾರಾ?"

ಅಂದು ಬೀದಿಯ ತುದಿಯವರೆಗೆ ನಡೆದು ಹೋಗಿ ಬಂದೆ. ಯಾರ ಮನೆಯ ಒಲೆಯ ಮೇಲೂ ನೀರಿರಲಿಲ್ಲ. ಕೈ ಮುಗಿದ ಮನೆಯವರೇ ನನ್ನನ್ನು ಒಳಗೆ ಕರೆದು, ಕೂರಿಸಿ, ಉಪಚಾರ ಮಾಡಿ, ಲೋಟದ ತುಂಬ ನಲ್ಲಿ ನೀರು ಕೊಟ್ಟರು.

ಹೀಗಾದದ್ದು ಅದೇ ಮೊದಲೇನಲ್ಲ. ಒಮ್ಮೆ ನನ್ನನ್ನು ಕಾವೇರಿ ದಂಡೆಯ ಮುತ್ತತ್ತಿಗೆ ಡ್ಯೂಟಿಗೆ ಹಾಕಿದ್ದರು, ಆಂಜನೇಯನ ದರ್ಶನಕ್ಕೂ ಹೊಳೆಯಲ್ಲಿ ಆಡಿ ಉಣ್ಣಲೂ ಜನ ಸೇರುವ ದಿನಗಳಲ್ಲಿ. ಇಲ್ಲಿ ಸುಳಿ ಇದೆ, ಇಳಿಯಬೇಡಿ ಎಂದು ದಂಡೆಯಲ್ಲಿ ದೊಡ್ಡ ಫಲಕ ನಿಲ್ಲಿಸಿದ್ದರು. ಬೆಳಿಗ್ಗೆ ಎಲ್ಲರಿಗೂ ಕಾಣುವಂತಿದ್ದ ಫಲಕ ಮಧ್ಯಾಹ್ನದ ಹೊತ್ತಿಗೆ ಕಾಣೆಯಾಯಿತು. ಗಾಬರಿಯಿಂದ ಹತ್ತಿರ ಹೋಗಿ ನೋಡಿದರೆ ಅಲ್ಲೇ ಇದೆ. ಹೊಳೆಯಲ್ಲಿ ಮಿಂದು ಬಂದವರು ತಮ್ಮ ಒದ್ದೆ ಟವಲು, ಪಂಚೆಗಳನ್ನೆಲ್ಲ ಅದರ ಮೇಲೆ ಒಣಹಾಕಿದ್ದರು. ಯಜಮಾನರೊಬ್ಬರಿಗೆ ತೋರಿಸಿ ಓದಿ ಎಂದೆ. ಪಂಚೆಯನ್ನು ಒಂದಿಷ್ಟು ಸರಿಸಿ, ಸಾವಧಾನವಾಗಿ ಓದಿ, "ಚೆನ್ನಾಗ್ ಬರ್ದವ್ರೆ ಕಣಮ್ಮ" ಎಂದು ಪಂಚೆಯನ್ನು ಮತ್ತೆ ಎಳೆದುಬಿಟ್ಟರು. ಆ ಪಂಚೆ ನನಗೆ ಈಗಲೂ ಆಗಾಗ ನೆನಪಾಗುತ್ತದೆ. ನನ್ನ ಸೂಚನೆಯ ಕೆಳಗಿನ ಕೈ ಮುಗಿದ ಚಿತ್ರಗಳೂ ಅಂಥವೇ ಒಣಹಾಕಿದ ಪಂಚೆಗಳು.

ಪೈಪಿನ ರಿಪೇರಿ ಇನ್ನೂ ಸಾಗಿರುವಾಗಲೇ ಹಿಂದಿನ ಬೀದಿಯಲ್ಲಿ ಒಬ್ಬರಿಗೆ ಕಾಮಾಲೆ ಎಂದು ಸುದ್ದಿ ಬಂತು. ಆಮೇಲೆ ಅದೇ ಸಾಲಿನಲ್ಲಿ ಇನ್ನೊಬ್ಬರಿಗೆ. ವಾಸನೆ ಮೂಗಿಗೆ ಬಡಿದದ್ದು ಈಚೆಗೆ, ಕೊಳಕು ನೀರಿಗೆ ಎಂದಿನಿಂದ ಸೇರುತ್ತಿತ್ತೋ ಯಾರು ಬಲ್ಲರು? ಆ ವಾರದ ಒಂದು ಬೆಳಿಗ್ಗೆ ಜಯಮ್ಮನ ಮನೆಯ ಹಿತ್ತಿಲಿನಿಂದ ವಾಂತಿ ಮಾಡುವ ಸದ್ದು ಕೇಳಿತು. ನಾನು ಬಟ್ಟೆ ಹಿಂಡುತ್ತಿದ್ದೆ. ಹಾಗೇ ನಿಂತೆ. ಮತ್ತೆ ಕೇಳಿತು.

ಹೋಗಿ ನೋಡಿದರೆ ಸವಿತಾ ಗೋಡೆ ಹಿಡಿದು ನಿಂತಿದ್ದಾಳೆ, ಮೈ ಬಿಸಿ, ನಿನ್ನೆಯಿಂದ ಅನ್ನ ಸೇರುತ್ತಿಲ್ಲ. "ಬಸ್ರೀಲಿ ವಾಂತಿ ಆಗದೆ ಇನ್ನೇನಕ್ಕ" ಎಂದಳು ಜಯಮ್ಮ. ಅವಳ ದನಿಯಲ್ಲಿ ಮೊದಲಿನ ಗಟ್ಟಿತನವಿರಲಿಲ್ಲ. ಒಳಗಿನ ಟ್ಯೂಬ್‌ಲೈಟಿನಲ್ಲಿ ಕಣ್ಣಿನ ಬಣ್ಣ ಗೊತ್ತಾಗುವುದಿಲ್ಲ. ಅಂಗಳಕ್ಕೆ ಕರೆದು, ಬಿಸಿಲಿಗೆ ನಿಲ್ಲಿಸಿ, ಕೆಳಗಿನ ರೆಪ್ಪೆ ಎಳೆದು ನೋಡಿದೆ. ಬಿಳಿಯೇ? ಹೌದು. ಅಂಚಿನಲ್ಲಿ ಒಂದಿಷ್ಟು ಹಳದಿಯೇ? ಇರಬಹುದು. ಇಷ್ಟು ವರ್ಷ ಎಷ್ಟೋ ಕಣ್ಣುಗಳನ್ನು ನೋಡಿ ಇದು ಹೌದು, ಇದು ಅಲ್ಲ ಎಂದು ತಟ್ಟನೆ ಹೇಳಿದವಳಿಗೆ ಅಂದು ಹೇಳಲಾಗಲಿಲ್ಲ. ಎತ್ತಿ ಆಡಿಸಿದ ಮಗುವಿನ ಕಣ್ಣು ನೋಡುವಾಗ ನಮ್ಮ ಕಣ್ಣೇ ಸರಿಯಾಗಿ ಕೆಲಸ ಮಾಡುವುದಿಲ್ಲ.

"ಈಗಲೇ ಆಸ್ಪತ್ರೆಗೆ ನಡೀರಿ" ಎಂದೆ. ಡಾಕ್ಟರು ನೋಡಿದರು, ರಕ್ತ ತೆಗೆದರು, ಸಂಜೆಗೆ ರಿಪೋರ್ಟು ಎಂದರು. ಸವಿತಾಳನ್ನು ಮನೆಗೆ ಕರೆತಂದು ಮಲಗಿಸಿದೆವು. ಭಾರತೀನಗರದ ಕಾಲೇಜಿನಲ್ಲಿ ಪಾಠ ಮಾಡುವ ಅವಳ ಗಂಡ ಬಸ್ಸು ಹತ್ತಿ ಬಂದು, ರಿಪೋರ್ಟು ತರುತ್ತೇನೆಂದು ಲ್ಯಾಬಿನ ಬಾಗಿಲಲ್ಲೇ ಕೂತ. ನಿಂಗೇಗೌಡರು ಅದೇ ಕುರ್ಚಿಯಲ್ಲಿ ಅದೇ ಪೇಪರ್ ಹಿಡಿದಿದ್ದರು. ಪುಟ ತಿರುಗುತ್ತಿರಲಿಲ್ಲ. ನಾನು ಜಗಲಿಯ ಮೇಲೆ ಕೂತೆ. ಆ ಹೊತ್ತಿನಲ್ಲಿ 'ನಾನು ಹೇಳಿದ್ದೆನಲ್ಲ' ಎನ್ನುವುದಕ್ಕಿಂತ ಕ್ರೂರವಾದ ಮಾತು ಬೇರೊಂದಿಲ್ಲ.

ಮಧ್ಯಾಹ್ನ ಪೂರಿಗಾಲಿಯಿಂದ ದೇವೀರಮ್ಮ ಬಂದಳು. ನಿಂಗೇಗೌಡರ ಅಕ್ಕ. ನಾನು ಆ ಕಡೆಯ ಹಳ್ಳಿಗಳಲ್ಲಿ ನರ್ಸಮ್ಮನಾಗಿದ್ದಾಗ ಅವಳ ಮನೆಯ ಜಗಲಿಯೇ ನನ್ನ ಲಸಿಕೆಯ ಆಸ್ಪತ್ರೆ. ಬಸುರಿಯನ್ನು ನೋಡಲೆಂದು ನುಗ್ಗೆಸೊಪ್ಪು, ಹುರುಳಿಕಾಳು, ಮನೆಯ ತುಪ್ಪ ತುಂಬಿದ ಚೀಲ ಹೊತ್ತು ಬಂದವಳು, ಗೇಟಿನಲ್ಲೇ ನನ್ನ ಮುಖ ನೋಡಿ ನಿಂತಳು.

"ಯಾಕ್ ನರ್ಸಮ್ಮ, ಮೊಕ ಇಂಗ್ ಮಾಡ್ಕಂಡು ಕೂತಿದ್ದೀಯೆ?"

ಹೇಳಿದೆ. ನೀರು ಕೆಟ್ಟಿದೆ, ಕಾಸಿ ಕೊಡಿ ಅಂದೆ, ಕಾಸಲಿಲ್ಲ, ಕಾಮಾಲೆಯ ಅನುಮಾನ, ಸಂಜೆಗೆ ಗೊತ್ತಾಗುತ್ತೆ. 'ದಯವಿಟ್ಟು', 'ಮಾನ್ಯರೇ' ಎಂಬ ಒಂದು ಪದವೂ ಆ ಮಾತಿನಲ್ಲಿ ಇರಲಿಲ್ಲ.

ದೇವೀರಮ್ಮ ಚೀಲವನ್ನು ನೆಲಕ್ಕಿಟ್ಟಳು. ಒಳಗೆ ಹೋಗಲಿಲ್ಲ. ತಿರುಗಿ ಬೀದಿಯ ನಡುವಿಗೆ ಹೋಗಿ ನಿಂತಳು.

"ಲೇ ನಿಂಗ! ಬಾಲಾ ಈಚೆಗೆ!"

ಬೀದಿಗೆಲ್ಲ ಗೌಡರಾಗಿದ್ದವರು ಒಂದೇ ಕೂಗಿಗೆ ನಿಂಗನಾಗಿ ಎದ್ದು ನಿಂತರು. "ಏನಕ್ಕ, ಒಳೀಕ್ ಬಾ, ಬೀದೀಲ್ ಯಾಕೆ…"

"ಬೀದೀಲೇ ಏಳ್ತೀನಿ. ಒಳಗೇಳುದ್ರೆ ನಿನ್ ಕಿವಿಗೆ ಓಗಲ್ಲ. ನಮ್ ಸಣ್ಣಮ್ಮ ಎಂಗೋದ್ಲು, ಮರ್ತ್ಬುಟ್ಯಾ? ತುಂಬಿದೊಟ್ಟೇಲಿ ಕಣ್ಣು ಅರಿಸ್ನ ಆಗಿ ಓದ್ಲು. ಅವತ್ತೂ ಗಾಳಿ ಸೋಕದೆ ಅಂತ ಬೇವಿನ್ ಸೊಪ್ ಇಡ್ಕಂಡ್ ನಿಂತಿದ್ದೋನು ನೀನೇ ಅಲ್ವೇನ್ಲಾ? ಬಾವಿ ಕೆಟ್ಟದೆ ಅಂತ ಆಮೇಕೆ ಗೊತ್ತಾಯ್ತು. ಆಮೇಕ್ ಗೊತ್ತಾಗಿ ಏನಾಯ್ತು? ಎದ್ ಬಂದ್ಲಾ?"

ಸಣ್ಣಮ್ಮ ಅವರಿಬ್ಬರ ತಂಗಿ. ಆ ಹೆಸರನ್ನು ಗೌಡರ ಬಾಯಿಂದ ನಾನು ಒಮ್ಮೆಯೂ ಕೇಳಿರಲಿಲ್ಲ. ಅವರ ಕೈಯ ಪೇಪರ್ ಜಾರಿ ಮೆಟ್ಟಿಲ ಮೇಲೆ ಬಿತ್ತು. "ಅಕ್ಕ, ಇದು ಕಾವೇರಿ ನೀರು ಕಣಕ್ಕ…"

"ಕಾವೇರಿಗೆ ನೀನು ಅಡ್ಡ ಮಲಗಿದ್ದೆ ಅಂತ ಅವ್ಳು ಚರಂಡಿ ದಾಟುವಾಗ ಸೀರೆ ಎತ್ಕಂಡ್ ಬತ್ತಾಳೇನ್ಲಾ?"

ಮೇಲಿನ ಮನೆಯ ಟಿವಿ ಸದ್ದು ನಿಂತಿತು. ಎದುರು ಮನೆಯ ಬಾಗಿಲು ಒಂದಿಷ್ಟು ತೆರೆದುಕೊಂಡಿತು, ಅದರ ಪಕ್ಕದ್ದೂ. ಜಯಮ್ಮ ಅಳುತ್ತಾ ಈಚೆಗೆ ಬಂದು, "ಉಷ್ಣ ಆಯ್ತದೆ ಅಂತ ಕಣತ್ಗೆ…" ಎಂದಳು.

"ಉಷ್ಣ ಅಂತೆ ಉಷ್ಣ! ಮುದ್ದೆ ಬಿಸಿಬಿಸೀದೇ ಉಣ್ಣಲ್ವಾ ನೀನು? ಅದ್ರಲ್ಲಿಲ್ದ ಉಷ್ಣ ನೀರಲ್ಲಿ ಎಲ್ಲಿಂದ್ ಬಂತು? ಅಳದ್ ನಿಲ್ಸು. ಓಗು, ಅಂಡೇಲಿ ನೀರ್ ಮಡಗು. ಕುದಿ ಬರಗಂಟ ಒಲೆ ಮುಂದ್ಲಿಂದ ಏಳ್ಬ್ಯಾಡ."

ಜಯಮ್ಮ ಓಡಿದಳು. ದೇವೀರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಏನೂ ಆಗಿಲ್ಲವೆಂಬ ಹಾಗೆ ಚೀಲ ಎತ್ತಿಕೊಂಡು ಒಳಗೆ ಹೋದಳು. ಸವಿತಾಳ ತಲೆ ಸವರಿ, ತಾನೂ ಒಮ್ಮೆ ಅವಳ ಕೆಳಗಿನ ರೆಪ್ಪೆ ಎಳೆದು ನೋಡಿದಳು.

ಸಂಜೆಯ ಹೊತ್ತಿಗೆ ನಮ್ಮ ಬೀದಿಯಲ್ಲಿ ಒಂದು ಹೊಸ ಸದ್ದು. ಎಲ್ಲರ ಅಡುಗೆಮನೆಯಲ್ಲೂ ಪಾತ್ರೆಯ ಮುಚ್ಚಳ ಕುಣಿಯುತ್ತಿತ್ತು. ಎದುರು ಮನೆಯಾಕೆ ಗೇಟಿಗೆ ಬಂದು, "ಪಾಪ, ಗೌಡ್ರಿಗೆ ಅವ್ರಕ್ಕ ಎಂಗ್ ಬೈದ್ಬುಟ್ರು! ನಾವಂತೂ ಮೊದ್ಲಿಂದ್ಲೂ ಕಾಸೇ ಕುಡಿಯೋದು" ಎಂದಳು. ಎರಡು ದಿನದ ಹಿಂದೆ ನನಗೆ ಲೋಟದ ತುಂಬ ನಲ್ಲಿ ನೀರು ಕೊಟ್ಟವಳು. ನಾನು ತಲೆಯಾಡಿಸಿದೆ. ಮೈಕು, ಪೇಪರ್, ನನ್ನ ಅಲ್ಪವಿರಾಮಗಳು ಮುಟ್ಟದ ಜಾಗಕ್ಕೆ ಆ ಬೈಗುಳ ಒಂದೇ ಮಧ್ಯಾಹ್ನದಲ್ಲಿ ಮುಟ್ಟಿತ್ತು, ಅದೂ ಅವರಿಗೆ ಬೈದದ್ದಲ್ಲ, ಪಕ್ಕದ ಮನೆಗೆ. ನೇರವಾಗಿ ಹೇಳಿದರೆ, ನನಗೇ ಹೇಳಲು ಬಂದಳಲ್ಲ ಎಂಬ ಸಿಟ್ಟು ಅಡ್ಡ ಬರುತ್ತದೆ. ಪಕ್ಕದವರಿಗೆ ಬೈದರೆ ಸಿಟ್ಟಿಗೆ ಜಾಗವೇ ಇಲ್ಲ, ಕಿವಿಗೆ ಮಾತ್ರ ಕೆಲಸ. ಮತ್ತೆ ನಮ್ಮ ಕಡೆ ಬೈಯುವವರೆಂದರೆ ನಮ್ಮವರು. ದಯವಿಟ್ಟು ಎನ್ನುವವರು ಯಾರೋ ಆಫೀಸಿನವರು.

ದೀಪ ಹಚ್ಚುವ ಹೊತ್ತಿಗೆ ಸವಿತಾಳ ಗಂಡ ಬಂದ. ಮೆಟ್ಟಿಲು ಹತ್ತುವಾಗಲೇ "ಇಲ್ವಂತೆ, ಕಾಮಾಲೆ ಇಲ್ವಂತೆ" ಎಂದ. ಜಯಮ್ಮ ದೇವರ ಮುಂದೆ ಕುಸಿದು ಕೂತಳು. ಗೌಡರು ಎದ್ದು ಹಿತ್ತಿಲಿಗೆ ಹೋದರು, ತುಂಬ ಹೊತ್ತು ಬರಲಿಲ್ಲ. ಆದರೆ ಡಾಕ್ಟರು ಇನ್ನೊಂದು ಮಾತನ್ನೂ ಹೇಳಿ ಕಳಿಸಿದ್ದರು. ಇವತ್ತು ಇಲ್ಲ ಎಂದರೆ ಮುಂದೆಯೂ ಇಲ್ಲ ಎಂದಲ್ಲ. ಕುಡಿದ ನೀರಿನ ರೋಗ ವಾರಗಟ್ಟಲೆ ಒಳಗೇ ಅಡಗಿದ್ದು ಆಮೇಲೆ ಕಾಣಿಸಬಹುದು. ಕಣ್ಣಿನ ಮೇಲೆ ಕಣ್ಣಿಟ್ಟಿರಿ.

ಅಂದಿನಿಂದ ಹೆರಿಗೆಯವರೆಗೆ ಪ್ರತಿ ಬೆಳಿಗ್ಗೆ ಬಿಸಿಲು ಕಾಂಪೌಂಡ್ ಗೋಡೆಗೆ ಬೀಳುವ ಹೊತ್ತಿಗೆ ಸವಿತಾ ಆ ಕಡೆ ಬಂದು ನಿಲ್ಲುತ್ತಿದ್ದಳು. ನಾನು ಈ ಕಡೆಯಿಂದ ಕೈ ಚಾಚಿ ರೆಪ್ಪೆ ಎಳೆದು ನೋಡುತ್ತಿದ್ದೆ. ಗೌಡರು ಅವಳ ಹಿಂದೆ ಪೇಪರ್ ಹಿಡಿದು ನಿಂತಿರುತ್ತಿದ್ದರು. ನಾನು "ಬಿಳಿ" ಎಂದ ಮೇಲೆಯೇ ಅವರು ಪುಟ ತಿರುಗಿಸುತ್ತಿದ್ದದ್ದು. ರಾತ್ರಿ ಮಲಗುವಾಗ ನಾಳೆ ಆ ಮಾತು ಬಾಯಿಗೆ ಬಾರದಿದ್ದರೆ ಎಂದು ಎದ್ದು ಕೂರುತ್ತಿದ್ದೆ. ನೀರು ಕಾಸುವ ಕೆಲಸವನ್ನು ಗೌಡರು ಹೆಂಡತಿಯಿಂದ ಕಿತ್ತುಕೊಂಡಿದ್ದರು. ಹಂಡೆಯ ಮುಂದೆ ಮಣೆ ಹಾಕಿ ಕೂತು, ಕುದಿ ಬಂದ ಮೇಲೂ ಇಳಿಸಲು ಬಿಡುತ್ತಿರಲಿಲ್ಲ. ಬೀದಿಯಲ್ಲಿ ಯಾರಾದರೂ ನಲ್ಲಿಗೆ ಬಾಯಿಟ್ಟರೆ "ಲೇಯ್!" ಎಂದು ಕೂಗುತ್ತಿದ್ದರು. ಹಳದಿ ಬರಲಿಲ್ಲ. ಸವಿತಾ ಹೆಣ್ಣು ಹೆತ್ತಳು, ಇಬ್ಬರೂ ಸುಖವಾಗಿ ಮನೆಗೆ ಬಂದರು. ಕೂಸಿಗೆ ಮುತ್ತಜ್ಜಿಯ ಹೆಸರಿಡುವುದೆಂದು ಮಾತಾಗಿತ್ತು. ಗೌಡರು ಯಾರನ್ನೂ ಕೇಳದೆ ತೊಟ್ಟಿಲ ಮುಂದೆ ಬಗ್ಗಿ "ಸಣ್ಣಮ್ಮ" ಎಂದರು.

ಇವತ್ತಿನ ಸೋಮವಾರಕ್ಕೆ ಬರೋಣ. ನಮ್ಮ ಮಹಡಿಯ ಮೇಲಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರಿದ್ದಾರೆ, ಗಂಡ ಹೆಂಡತಿ ಮತ್ತು ಎಳೆಯ ಕೂಸು. ಆಕೆ ಒಳ್ಳೆಯ ಹುಡುಗಿ, ಮಾತು ಕಡಿಮೆ. ಬೆಳಿಗ್ಗೆಯೇ ಅವಳಿಗೆ ಮೆಸೇಜು ಕಳಿಸಿದೆ, ಇವತ್ತು ನೀರಿನಲ್ಲಿ ವ್ಯತ್ಯಾಸವಿದೆ, ದಯವಿಟ್ಟು ಕುದಿಸಿ ಬಳಸಿ ಎಂದು. ಕೈ ಮುಗಿದ ಚಿತ್ರ ಬಂತು. ಸಂಜೆ ಮಹಡಿಯ ಮೇಲೆ ಒಣಹಾಕಿದ್ದ ಬಟ್ಟೆ ತರಲು ಹೋದಾಗ ಅವಳು ಕೂಸಿನ ಹಾಲಿನ ಬಾಟಲಿಯನ್ನು ನಲ್ಲಿ ನೀರಿನಲ್ಲಿ ಅಲುಬುತ್ತಿದ್ದಳು.

ಮೆಟ್ಟಿಲು ಇಳಿದು ಬಂದು ಪುಟ್ಟತಾಯಿಯ ಕಿವಿಯಲ್ಲಿ ಹೇಳಿದೆ. ಅವಳು ಕೈಯಲ್ಲಿದ್ದ ಪೊರಕೆ ಬಿಸಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇಬ್ಬರೂ ಅಂಗಳಕ್ಕೆ ಬಂದು, ಮೇಲಿನ ಅಡುಗೆಮನೆಯ ಕಿಟಕಿಯ ಕೆಳಗೆ ಸರಿಯಾಗಿ ನಿಂತೆವು.

"ಎಷ್ಟ್ ಸಲ ಏಳ್ಬೇಕೆ ನಿಂಗೆ?" ಎಂದು ಪುಟ್ಟತಾಯಿಯ ಮೇಲೆ ಕೂಗಿದೆ. ನನ್ನ ಬಾಯಿಂದ ನಮ್ಮ ಹಳ್ಳಿಯ ಮಾತು ಅಷ್ಟು ಗಟ್ಟಿಯಾಗಿ ಬಂದು ಎಷ್ಟು ಕಾಲವಾಗಿತ್ತೋ! "ನೀರ್ ಕೆಟ್ಟದೆ, ಕಾಸ್ದೆ ಬಾಯ್ಗಿಡ್ಬ್ಯಾಡ ಅಂತ ಬೆಳಗಿಂದ ಬಡ್ಕತಿವ್ನಿ! ಎಳೇ ಮಕ್ಳಿರೋ ಮನೇಲಿ ಇಂಗ್ ಮಾಡುದ್ರೆ ಏನ್ ಗತಿ? ಬಾಟ್ಲಿ, ಚಮ್ಚ ಎಲ್ಲಾನೂ ಕುದ್ಯೋ ನೀರಲ್ಲಾಕು ಅಂದಿಲ್ವಾ?"

"ಕಾಸ್ತೀನಿ ಕಣಕ್ಕ, ಮರ್ತೋಯ್ತು!" ಎಂದಳು ಪುಟ್ಟತಾಯಿ. ಅಷ್ಟಕ್ಕೇ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. "ಮರ್ತುದ್ದಕ್ಕೆ ಇಂಗ್ ಬೈತೀಯಲ್ಲ, ದಿನಾ ಬೆಳಿಗ್ಗೆ ಒದ್ಕೆ ಮಡಸ್ಲಿಲ್ಲ ಅಂತ ಪ್ರಾಣ ತಿಂತೀಯಲ್ಲ, ಅದ್ನೂ ಈಗ್ಲೇ ಏಳ್ಬುಡು, ಬೀದಿಗೇ ಗೊತ್ತಾಗ್ಲಿ!"

ಗೋಡೆಯಾಚೆಯಿಂದ ನಿಂಗೇಗೌಡರ ದನಿ ಬಂತು. "ಬುಡ್ಬ್ಯಾಡಿ ಮೇಡಮ್ಮೋರೆ, ಇನ್ನೊಸಿ ಬೈರಿ! ನಂಗೂ ಇಂಗ್ ಬೈದ್ಮೇಲೇ ಬುದ್ಧಿ ಬಂದಿದ್ದು!"

ಗೇಟಿನಲ್ಲಿ ಅನುಷಾ ಮೊಬೈಲು ಹಿಡಿದು ಬೆಪ್ಪಾಗಿ ನಿಂತಿದ್ದಳು. ಐದು ಗಂಟೆಗೆ ಸರಿಯಾಗಿ ಬಂದಿದ್ದಾಳೆ, ಒಳ್ಳೆಯ ಅಭ್ಯಾಸ. "ಆಂಟಿ, ಇನ್ನೊಂದು ದಿನ ಬರ್ಲಾ?"

"ಬೇಡ, ಮುಗೀತು, ಬಾ. ನಿನ್ನ ಪ್ರಶ್ನೆಗೆ ಉತ್ತರ ಇದೇ."

ಅವಳನ್ನು ಕೂರಿಸಿ ಸವಿತಾಳಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಕೇಳಿಸಿಕೊಂಡು, ಮೊಬೈಲನ್ನು ಮೇಲಕ್ಕೂ ಕೆಳಕ್ಕೂ ಉಜ್ಜಿ, "ಇದು ಯಾವುದರಲ್ಲೂ ಬರಲ್ಲ ಆಂಟಿ. 'ಇತರೆ' ಅಂತ ಹಾಕ್ಲಾ?" ಎಂದಳು. ಹಾಕು ಎಂದೆ.

ಅವಳು ಹೋದ ಮೇಲೆ ನಾನೂ ಪುಟ್ಟತಾಯಿಯೂ ಅಡುಗೆಮನೆಯಲ್ಲಿ ಕಿವಿಗೊಟ್ಟು ನಿಂತೆವು. ಮೇಲೆ ಏನೂ ಕೇಳಿಸಲಿಲ್ಲ. ಕೂಸು ಒಮ್ಮೆ ಅತ್ತಿತು, ಸುಮ್ಮನಾಯಿತು. ನಾನು ಮತ್ತೆ ಅಂಗಳಕ್ಕೆ ಹೋಗಲು ಹೊರಟೆ, ಅವಳು ನನ್ನ ಮೊಣಕೈ ಹಿಡಿದಳು. ಆಗ ಗ್ಯಾಸ್ ಲೈಟರಿನ ಟಕ್ ಟಕ್ ಕೇಳಿತು. ಸ್ವಲ್ಪ ಹೊತ್ತಿಗೆ ಪಾತ್ರೆಯ ಮುಚ್ಚಳ ಕುಣಿಯತೊಡಗಿತು, ಅದರೊಳಗೆ ಗಾಜೋ ಪ್ಲಾಸ್ಟಿಕ್ಕೋ ಪಾತ್ರೆಗೆ ತಾಗುವ ಸಣ್ಣ ಸದ್ದು.

ನಾನು ನಮ್ಮ ಒಲೆ ಆರಿಸಿ, ಬೆಳಗಿನಿಂದ ಮೂರನೆಯ ಸಲ ಕುದಿಸಿದ ನೀರನ್ನು ಬಟ್ಟೆಯಲ್ಲಿ ಸೋಸಿ ಬಿಂದಿಗೆಗೆ ತುಂಬಿ, ತಟ್ಟೆ ಮುಚ್ಚಿ, ಸೌಟನ್ನು ಅದರ ಮೊಳೆಗೆ ತಗುಲಿಹಾಕಿದೆ. ಆಮೇಲೆ ಕೋಣೆಗೆ ಹೋಗಿ ಮೂಲೆಯಲ್ಲಿದ್ದ ಪುಟ್ಟತಾಯಿಯ ಹೊದಿಕೆಯನ್ನು ಏನೂ ಅನ್ನದೆ ಮಡಿಸಿಟ್ಟೆ.